ಮಗಳ ಪಾಲಿಗೆ ಬಂದ ರೈಲುಗಳು

ಮಾವನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮಿಕ್ಕ ಬೆರಳುಗಳದ್ದನ್ನು ಚರ್ಮಕ್ಕೆ ಅಂಟುವ ಹಾಗೆ ಕತ್ತರಿಸಿಕೊಳ್ಳುತ್ತಿದ್ದರು, ಇದೊಂದನ್ನು ಮುಟ್ಟುತ್ತಿರಲಿಲ್ಲ. ಸೀರೆಯ ಅಂಚನ್ನು ತೊಡೆಯ ಮೇಲೆ ಹರಡಿ, ಆ ಉಗುರಿನ ತುದಿಯಿಂದ ಒಂದೇ ಒಂದು ಜರಿ ಎಳೆಯನ್ನು ಮೆಲ್ಲಗೆ ಎಬ್ಬಿಸಿ, ಕಣ್ಣು ಮುಚ್ಚಿ ಅದರ ಮೇಲೆ ಆಡಿಸುತ್ತಿದ್ದರು. ಬೆಳ್ಳಿ ಇದ್ದರೆ ಹೂಂ ಎನ್ನುತ್ತಿದ್ದರು. ಇಲ್ಲದಿದ್ದರೆ ಸೀರೆ ಮಡಿಸಿ ಪಕ್ಕಕ್ಕಿಟ್ಟು, ಒಂದು ಲೋಟ ನೀರು ಕುಡಿಯುತ್ತಿದ್ದರು. ತಂದವರು ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ನನ್ನಮ್ಮನ ಅಣ್ಣ ಅವರು. ಹಿಂದೂಪುರದಲ್ಲಿ ರೇಷ್ಮೆ ಸೀರೆಯ ಅಂಗಡಿ. ಅಜ್ಜನ ಕಾಲಕ್ಕೆ ಮನೆಯೊಳಗೇ ಕೈಮಗ್ಗ ಇತ್ತು, ಮಾವನ ಕಾಲಕ್ಕೆ ಮಗ್ಗ ಬಿಟ್ಟು ವ್ಯಾಪಾರ ಹಿಡಿದರು. ಹತ್ತನೇ ಕ್ಲಾಸಿಗೆ ನನ್ನ ಓದು ಸಾಕು ಎಂದು ನಮ್ಮಪ್ಪ ತೀರ್ಮಾನ ಮಾಡಿದಾಗ, ಇವರು ಬಂದು ನಮ್ಮ ಮನೆ ಜಗಲಿ ಮೇಲೆ ಕೂತರು. ಒಳಗೆ ಬರಲಿಲ್ಲ, ಕಾಫಿ ಮುಟ್ಟಲಿಲ್ಲ. "ಮದುವೆ ಸೀರೆ ಹೆಂಗೂ ನಂದೇ. ಓದಿನ ಖರ್ಚೂ ನಂದೇ ಅನ್ಕೊ. ನಿಂಗೇನಯ್ಯಾ ಕಷ್ಟ?" ಅಂದರು. ಅಪ್ಪ ಒಪ್ಪುವ ತನಕ ಏಳಲಿಲ್ಲ. ಇವತ್ತು ರೊದ್ದಂ ಹತ್ತಿರದ ಶಾಲೆಯಲ್ಲಿ ನಾನು ಟೀಚರಮ್ಮ ಎನಿಸಿಕೊಂಡಿದ್ದರೆ ಅದು ಆ ಜಗಲಿಯ ಋಣ. ಅಂಥ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಋಣ ಬೇರೆ, ಸಿಟ್ಟು ಬೇರೆ.

ಸಿಟ್ಟೆಲ್ಲ ಆ ರೈಲುಗಳದ್ದು. ವ್ಯಾಪಾರಕ್ಕಿಳಿದ ಹೊಸತರಲ್ಲಿ ಮಾವ ಸೀರೆ ಗಂಟು ಹೊತ್ತು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಮನೆಮನೆ ತಿರುಗಿ ಮಾರಿ ಸಂಜೆಗೆ ವಾಪಸಾಗುತ್ತಿದ್ದರು. ದಂಡುಪ್ರದೇಶದ ಕಡೆಯ ಹಳೇ ಬಂಗಲೆಯೊಂದರಲ್ಲಿ ಒಬ್ಬ ಮುದುಕಮ್ಮ ಸೀರೆ ತಗೊಂಡು, ದುಡ್ಡಿಗೆ ಬದಲು ತೀರಿಹೋದ ಗಂಡನ ಪುಟ್ಟ ರೈಲೊಂದನ್ನು ಕೊಟ್ಟಳಂತೆ. ಪರದೇಶದ್ದು. ಅಂಗೈಯಲ್ಲಿ ಕೂರುವ ಕರೀ ಎಂಜಿನ್ನು, ಹಿಂದೆ ಬೋಗಿಗಳು, ಓಡಲಿಕ್ಕೆ ಹಳಿ. ಬೇರೆಯವರಾಗಿದ್ದರೆ ದಾರಿಯಲ್ಲೇ ಮಾರಿ ಬರುತ್ತಿದ್ದರು. ಇವರು ಮನೆಗೆ ತಂದು ಕರೆಂಟಿಗೆ ಹಚ್ಚಿದರು. ಅದು ಓಡಿತು. ಅಷ್ಟೇ, ಮನುಷ್ಯ ಕೆಟ್ಟ.

ಆಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಹಳೇ ಸಾಮಾನಿನ ಅಂಗಡಿ, ಮನೆ ಖಾಲಿ ಮಾಡುವವರ ಜಗಲಿ, ಭಾನುವಾರದ ಬೀದಿ ಸಂತೆ. ಸೀರೆ ಗಂಟಿನಲ್ಲಿ ಹೋದ ದುಡ್ಡು ಎಂಜಿನ್ನಾಗಿ ವಾಪಸು ಬರುತ್ತಿತ್ತು. ಮಹಡಿಯ ಮೇಲೆ ಹಿಂದೆ ಮಗ್ಗಕ್ಕೆ ಹಾಸಿನ ಎಳೆ ಸುತ್ತುತ್ತಿದ್ದ ದೊಡ್ಡ ಕೋಣೆ ಪೂರ್ತಿ ರೈಲಾಯಿತು. ಮಗ್ಗದ ಹಲಗೆಗಳನ್ನೇ ಜೋಡಿಸಿ ಮೇಜು ಮಾಡಿದರು. ಅದರ ಮೇಲೆ ರದ್ದಿ ಕಾಗದ, ಅಂಟು ಕಲಸಿ ಪೆನುಗೊಂಡದ ಬೆಟ್ಟ ಎಬ್ಬಿಸಿದರು. ಬೆಟ್ಟದ ಬುಡದಲ್ಲಿ ಕುರಿಮಂದೆ. ಆ ಕುರಿಗಳೆಲ್ಲ ರೇಷ್ಮೆಗೂಡು, ಒಂದೊಂದಕ್ಕೂ ಮಸಿಯಲ್ಲಿ ಮುಖ ಬರೆದಿದ್ದರು. ನಾವು ಮಕ್ಕಳು ಮೇಜಿಗೆ ಗದ್ದ ಊರಿ ನಿಲ್ಲುತ್ತಿದ್ದೆವು, ರೈಲು ಬೆಟ್ಟ ಸುತ್ತಿ ಬರುವಾಗ ಮಾವ ಬಾಯಲ್ಲೇ ಕೂ ಎನ್ನುತ್ತಿದ್ದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಬದುಕಿರುವ ತನಕ ಬೈದರು. "ಹೆಣ್ಣೈತೆ ಮನೇಲಿ, ಒಂದು ಬಳೆ ಮಾಡ್ಸು ಅಂದ್ರೆ ತಗಡು ಹೊತ್ಕೊಂಡು ಬತ್ತೀಯಲ್ಲ" ಎನ್ನುವರು. ಮಾವನದ್ದು ಸದಾ ಒಂದೇ ಉತ್ತರ. "ಚಿನ್ನಕ್ಕೆ ಕಳ್ಳ, ಹೊಲಕ್ಕೆ ದಾಯಾದಿ. ಇದನ್ನ ಯಾವನು ಕದೀತಾನೆ ಕಣೇ? ಇದು ಕೂತಲ್ಲೇ ಬೆಳೀತದೆ." ಅವರಿಗೆ ಇದನ್ನು ಕಲಿಸಿದ್ದು ಅವರ ಕಸುಬು. ಹಳೇ ಜರಿ ಸೀರೆ ಹರಿದು ಚಿಂದಿಯಾದರೂ ಬೀದಿಯಲ್ಲಿ ಕೂಗಿಕೊಂಡು ಬರುವವರು ಕೊಳ್ಳುತ್ತಾರೆ, ಬೆಂಕಿಗಿಟ್ಟರೆ ಬೆಳ್ಳಿ ಇಳಿಯುತ್ತದೆ. ಹೊಸ ಜರಿಗೆ ಆ ಭಾಗ್ಯ ಇಲ್ಲ. ಹಳೆಯದಾದಷ್ಟೂ ಬೆಲೆ ಎನ್ನುವುದು ಅವರ ಪಾಲಿಗೆ ವೇದ. ಅದಕ್ಕೆ ತಕ್ಕಂತೆ ಬೆಂಗಳೂರಿನ ಅಂಗಡಿಯವನೊಬ್ಬ ಯಾವುದೋ ಹಸಿರು ಎಂಜಿನ್ನು ತೋರಿಸಿ, ಇದಕ್ಕೆ ಪರದೇಶದಲ್ಲಿ ಒಂದು ಚಿನ್ನದ ಸರದ ಬೆಲೆ ಬರುತ್ತೆ ಅಂದಿದ್ದ. ಮಾವ ಅದನ್ನು ಕೊಂಡರು. ಆಮೇಲೆ ಕೊಂಡ ಎಲ್ಲಕ್ಕೂ ಅದೇ ಸರದ ಲೆಕ್ಕ ಹಾಕಿಕೊಂಡರು.

ಜೋಪಾನ ಅಂದರೆ ಅವರದ್ದು. ಸೀರೆಯವರಿಗೆ ಗೊತ್ತಿರುವ ಮಾತೊಂದಿದೆ. ರೇಷ್ಮೆ ಸೀರೆಯನ್ನು ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರೆ ಜರಿ ಕಪ್ಪಾಗುತ್ತದೆ, ತೆಗೆದು ಒಗೆದ ಹಳೇ ಪಂಚೆಯಲ್ಲಿ ಸುತ್ತಿಡಬೇಕು. ಮಾವ ರೈಲುಗಳಿಗೂ ಹಾಗೇ ಮಾಡಿದರು. ಅವುಗಳ ಜೊತೆ ಬಂದ ಚಿತ್ರ ಬರೆದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿಸಿ, ಪ್ರತಿ ಎಂಜಿನ್ನನ್ನೂ ಮೆತ್ತಗಿನ ಬಿಳೀ ಬಟ್ಟೆಯಲ್ಲಿ ಕೂಸನ್ನು ಸುತ್ತಿದಂತೆ ಸುತ್ತಿ, ನಡುವೆ ಎರಡು ಲವಂಗ ಹಾಕಿ ಬೀರುವಿನಲ್ಲಿ ಇಟ್ಟರು.

ಇನ್ನು ಆಯುಧಪೂಜೆ. ಅವತ್ತು ಅಂಗಡಿಯ ಕತ್ತರಿ, ಮೊಳಕೋಲು, ತಕ್ಕಡಿ, ಸ್ಕೂಟರು ಎಲ್ಲ ಮುಗಿದ ಮೇಲೆ ಮಹಡಿಯ ಸರದಿ. ರೈಲುಗಳನ್ನೆಲ್ಲ ಇಳಿಸಿ ಸಾಲಾಗಿ ನಿಲ್ಲಿಸಿ, ಒಂದೊಂದರ ಮೂತಿಗೂ ಅರಿಶಿನ ಹಚ್ಚಿ, ಒದ್ದೆ ಕುಂಕುಮದ ಬೊಟ್ಟು ಇಡುವರು. ಲಾರಿಯ ಗಾಲಿ ಕೆಳಗೆ ಇಡೀ ನಿಂಬೆಹಣ್ಣು ಇಡುತ್ತಾರಲ್ಲ, ಇವಕ್ಕೆ ಬೆರಳುಗುರಿನಷ್ಟು ಹೋಳು. ಅದರ ಮೇಲೆ ಎಂಜಿನ್ನನ್ನು ಒತ್ತಿ ದಾಟಿಸಿದರೆ ರಸ ಚಿಮ್ಮುತ್ತಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಮಂಗಳಾರತಿಯಾದ ಮೇಲೆ ಬೊಟ್ಟು ಒರೆಸುವಂತಿಲ್ಲ. "ದೇವ್ರು ಕೂತಿರೋ ಜಾಗ ಒರೆಸ್ತಾರೇನ್ರಲೇ" ಎಂದು ಗದರಿ, ಹಾಗೇ ಬಟ್ಟೆ ಸುತ್ತಿ ಒಳಗಿಡುತ್ತಿದ್ದರು. ಒಂದು ವರ್ಷವೂ ತಪ್ಪಿಸಿದವರಲ್ಲ.

ಅತ್ತೆ ಹೋದ ಮೇಲೆ ಮಕ್ಕಳು ಪಾಲು ಕೇಳಿದರು. ಇಬ್ಬರು ಗಂಡು, ಒಬ್ಬಳು ಹೆಣ್ಣು. ಮಾವನ ಮಗಳು ನನಗಿಂತ ದೊಡ್ಡವಳು, ನಮ್ಮ ಕಡೆಯ ರೂಢಿಯಂತೆ ನಾನು ಅವಳನ್ನು ಅತ್ತಿಗೆ ಎನ್ನುತ್ತೇನೆ. ಅವಳ ಗಂಡ ಕುಂದುರ್ಪಿಗೂ ಕಲ್ಯಾಣದುರ್ಗಕ್ಕೂ ಜೀಪು ಓಡಿಸುತ್ತಿದ್ದ, ಜೀಪು ಮಗುಚಿ ಸತ್ತ. ಮಕ್ಕಳಿಲ್ಲ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಒಂದು ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ರವಿಕೆ ಹೊಲಿದುಕೊಂಡು ಹಿಂದಿನ ಕೋಣೆಯಲ್ಲಿ ಬದುಕುತ್ತಿದ್ದಳು. ಅಂಗಡಿ ದೊಡ್ಡವನಿಗೆ, ಮನೆ ಚಿಕ್ಕವನಿಗೆ ಅಂತ ಮಾವ ಹೇಳಿದರು. ಮಗಳಿಗೆ ರೈಲು.

ನಾನು ಅಲ್ಲೇ ಇದ್ದೆ. ಮೈಯೆಲ್ಲ ಉರಿದುಹೋಯಿತು. "ಮಾವ, ಮೊದ್ಲು ಯಾರಿಗಾದ್ರೂ ತೋರ್ಸಿ ಬೆಲೆ ಕಟ್ಸು. ಆಮೇಲೆ ಹಂಚು" ಅಂದೆ.

"ಹುಚ್ಚಿ, ನಿಂಗೇನು ಗೊತ್ತು" ಅಂದರು. ಆಮೇಲೆ ಮಗಳ ಕಡೆ ತಿರುಗಿ, ಗಂಡುಮಕ್ಕಳಿಗೆ ಕೇಳಿಸಬಾರದು ಎನ್ನುವ ಹಾಗೆ ಸಣ್ಣ ದನಿಯಲ್ಲಿ, "ಇವರಿಬ್ಬರದ್ದು ಸೇರ್ಸಿದ್ರೂ ನಿಂದಕ್ಕೆ ಸಮ ಬರಲ್ಲ ಕಣಮ್ಮ. ಸುಮ್ಕೆ ಸೈನು ಹಾಕು" ಅಂದರು.

ಕೇಳಿಸಿತು ಅವರಿಗೆ. ಇಬ್ಬರೂ ಮುಖ ಮುಖ ನೋಡಿಕೊಂಡು ಹಲ್ಲು ಬಿಡದೆ ನಕ್ಕರು. ಅವರಲ್ಲೊಬ್ಬನಾದರೂ ತಕರಾರು ತೆಗೆದಿದ್ದರೆ ಅತ್ತಿಗೆಗೆ ಅನುಮಾನ ಬರುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಒಪ್ಪಿಬಿಟ್ಟರು. ರಿಜಿಸ್ಟರ್ ಆಫೀಸಿನಲ್ಲಿ ಅವಳು ಅಪ್ಪನ ಮುಖ ನೋಡಿದಳು, ಅಪ್ಪ ತಲೆ ಆಡಿಸಿದರು, ಮನೆ ಅಂಗಡಿ ಎರಡರ ಮೇಲೂ ನನಗೆ ಹಕ್ಕಿಲ್ಲ ಎಂಬ ಪತ್ರಕ್ಕೆ ಸೈನು ಹಾಕಿದಳು.

ಹೋದ ದಸರೆ ಕಳೆದ ಮೇಲೆ ಕಲ್ಯಾಣದುರ್ಗದ ಮನೆಯ ಓನರು ಅವಳಿಗೆ ಮಾತು ಹೇಳಿದ. ಮನೆ ಮಾರುತ್ತೇನೆ, ನೀನೇ ತಗೊಳ್ಳೋದಾದರೆ ಉಗಾದಿ ತನಕ ಬೇರೆಯವರಿಗೆ ತೋರಿಸೋದಿಲ್ಲ, ಇಲ್ಲದಿದ್ದರೆ ಖಾಲಿ ಮಾಡು. ಒಳ್ಳೆಯವನೇ ಪಾಪ. ಅತ್ತಿಗೆಯ ಗಿರಾಕಿಗಳೆಲ್ಲ ಬಸ್ಸಿಳಿದು ಬರುವ ಹಳ್ಳಿ ಹೆಂಗಸರು, ಆ ಜಾಗ ಬಿಟ್ಟರೆ ಹೊಲಿಗೆಯೂ ಇಲ್ಲ ಅನ್ನವೂ ಇಲ್ಲ. ಫೋನಿನಲ್ಲಿ ಹೇಳಿದಾಗ ಮಾವ ನಕ್ಕುಬಿಟ್ಟರಂತೆ. "ಒಂದೆರಡು ಎಂಜಿನ್ನು ಮಾರಿದ್ರೆ ಆಯ್ತು. ಮಿಕ್ಕಿದ್ದು ನಿಂಗೆ ಮುಪ್ಪಿಗೆ."

ನಾನೇ ಫೋಟೋ ತೆಗೆದು, ಇಂಥ ರೈಲು ಕೂಡಿಡುವವರನ್ನು ಫೋನಿನಲ್ಲಿ ಹುಡುಕಿದೆ. ಬೆಂಗಳೂರಿನಿಂದ ಒಬ್ಬ ದೊಡ್ಡ ಮನುಷ್ಯರು ಕಾರಿನಲ್ಲಿ ಬಂದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು, ಕೊಂಡು ಮಾರುವುದರಲ್ಲಿ ಪಳಗಿದವರು. ಅತ್ತಿಗೆ ಕಲ್ಯಾಣದುರ್ಗದಿಂದ ಹಿಂದಿನ ದಿನವೇ ಬಂದು ಕೋಣೆ ಗುಡಿಸಿದ್ದಳು. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರನ್ನು ಕೂರಿಸುವ ಹಾಗೆ ಅವರನ್ನು ಕೂರಿಸಿದರು.

ಬಂದವರು ಮೊದಲ ಬಟ್ಟೆ ಬಿಚ್ಚಿ, ಎಂಜಿನ್ನನ್ನು ಬೋರಲು ಹಾಕಿ ನೋಡಿ, "ಇದರ ಪೆಟ್ಟಿಗೆ ಎಲ್ಲಿ ಯಜಮಾನ್ರೇ?" ಎಂದು ಕೇಳಿದರು.

ಮಾವನಿಗೆ ಖುಷಿಯಾಯಿತು. ಯಾವತ್ತಾದರೂ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದೇ ಕಾದಿದ್ದರೇನೋ. "ರಟ್ಟಿನಲ್ಲಿ ಇಡ್ತಾರೇನ್ ಸಾರ್! ರಟ್ಟು ಒಳಗಿಂದ ತಿಂದಾಕ್ಬುಡ್ತದೆ. ಎಲ್ಲಾ ಸುಟ್ಟಾಕ್ಸಿದೆ."

"ಎಲ್ಲವನ್ನೂ?"

"ಒಂದನ್ನೂ ಇಟ್ಟಿಲ್ಲ ಸಾರ್."

ಬಂದವರು ಎಂಜಿನ್ನಿನ ಮೂತಿಯ ಮೇಲಿನ ಕೆಂಪು ಕಲೆಯನ್ನು ಬಟ್ಟೆಯಿಂದ ಮುಟ್ಟಿ ನೋಡಿದರು. ಬಣ್ಣ ಪದರ ಪದರವಾಗಿ ಅದರ ಜೊತೆಗೇ ಎದ್ದು ಬಂತು. "ಇದು?"

"ಕುಂಕುಮ ಸಾರ್. ಆಯುಧಪೂಜೆದು."

"ಗಾಲಿಗಳು ಹೀಗೆ ತಿಂದುಹೋಗಿವೆಯಲ್ಲ..."

"ನಿಂಬೆಹಣ್ಣು" ಅಂದರು ಮಾವ. ಅಷ್ಟು ಹೊತ್ತಿಗೆ ಅವರ ದನಿ ಇಳಿದಿತ್ತು.

ಬಂದವರು ಒಂದೂ ಬಿಡದೆ ಎಲ್ಲವನ್ನೂ ಬಿಚ್ಚಿದರು. ಎಲ್ಲಾದರೂ ಒಂದು ಚೆನ್ನಾಗಿ ಸಿಗಲಿ ಎಂದು ಅವರೇ ಹುಡುಕುತ್ತಿದ್ದಂತಿತ್ತು. ಚಿನ್ನದ ಸರದ ಹಸಿರು ಎಂಜಿನ್ನಿಗೆ ಬೇರೆಲ್ಲಕ್ಕಿಂತ ದೊಡ್ಡ ಬೊಟ್ಟು ಇಟ್ಟಿದ್ದರು ಮಾವ. ಕೊನೆಗೆ ಅವರು ಕನ್ನಡಕ ತೆಗೆದು ಹೇಳಿದ್ದು ಇಷ್ಟು. ಇಂಥ ವಸ್ತುವಿಗೆ ಅರ್ಧ ಬೆಲೆ ಪೆಟ್ಟಿಗೆಯದ್ದು. ಮಿಕ್ಕ ಅರ್ಧ ಮುಟ್ಟದೆ ಇಟ್ಟ ಬಣ್ಣದ್ದು. "ಎರಡೂ ಇದ್ದಿದ್ರೂ ನೀವು ಅಂದುಕೊಂಡಷ್ಟು ಬರ್ತಿರ್ಲಿಲ್ಲ ಯಜಮಾನ್ರೇ. ಇವನ್ನ ಕೊಳ್ಳೋರೆಲ್ಲ ನನ್ನ ವಯಸ್ಸಿನವರು. ನಮ್ಮ ಮಕ್ಕಳಿಗೆ ಬೇಡ. ಈಗ ನಾವೂ ಮಾರೋ ಕಡೆ ನಿಂತಿದ್ದೀವಿ." ಬಿಡಿಭಾಗದ ಲೆಕ್ಕದಲ್ಲಿ ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಹೇಳಿದರು. ಕಲ್ಯಾಣದುರ್ಗದ ಆ ಮನೆಗೆ ಹೊಸ ಬಾಗಿಲು ಕೂರಿಸಲಿಕ್ಕೆ ಆಗುವಷ್ಟು.

ಅವರು ಮೋಸ ಮಾಡಲಿಲ್ಲ. ನಾನು ಮತ್ತಿಬ್ಬರಿಗೆ ಫೋಟೋ ಕಳಿಸಿದೆ, ಅವರು ಇನ್ನೂ ಕಮ್ಮಿ ಹೇಳಿದರು.

ಕಾರು ಹೋದ ಮೇಲೆ ಅತ್ತಿಗೆ ಗೋಡೆಗೊರಗಿ ಕೂತಿದ್ದಳು. ಅಳಲಿಲ್ಲ. "ಅಪ್ಪ, ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಎಂದು ಕೇಳಿದಳು.

"ಗೊತ್ತಿದ್ದಿದ್ರೆ ರೈಲ್ನ ಅವ್ರಿಬ್ರಿಗೆ ಕೊಡ್ತಿದ್ದೆ ಕಣಮ್ಮ" ಅಂದರು ಮಾವ.

ಅಂದರೆ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಆರಿಸಿ ಮಗಳ ಮಡಿಲಿಗೆ ಹಾಕಿದ್ದರು. ಅವಳನ್ನು ಬೀದಿಗೆ ತಂದದ್ದೇ ಆ ಪ್ರೀತಿ. ಅದಕ್ಕೆ ಯಾರನ್ನು ಬೈಯುವುದು?

ಮಾರನೆ ಬೆಳಿಗ್ಗೆ ಮಾವ ಅಂಗಡಿಗೆ ಹೋದರು. ತಾವೇ ಕಟ್ಟಿದ ಅಂಗಡಿಯಲ್ಲಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ತಂಗಿಗೆ ಏನಾದರೂ ಮಾಡ್ರಪ್ಪ, ಇಬ್ಬರೂ ಸೇರಿ ಆ ಮನೆ ಕೊಡಿಸ್ರಪ್ಪ ಎಂದು ಕೇಳಿದರು. ದೊಡ್ಡವನಿಗೆ ಅಂಗಡಿಯಲ್ಲಿ ಕೂತೂ ಕೂತೂ ತೆಲುಗೇ ಬಾಯಿಗೆ ಮೊದಲು ಬರುತ್ತದೆ. "ಅಯಿಪೋಯಿಂದಿ ಕದಾ ನಾನ್ನಾ. ರಿಜಿಸ್ಟರ್ ಅಯಿಪೋಯಿಂದಿ" ಅಂದ. ಆಗಿಹೋಯಿತಲ್ಲ ಅಪ್ಪ, ಅಷ್ಟೇ. ಚಿಕ್ಕವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನೀನೇ ಅಲ್ವಾ ಅಂದಿದ್ದು, ನಮ್ಮಿಬ್ಬರದ್ದು ಸೇರ್ಸಿದ್ರೂ ಸಮ ಬರಲ್ಲ ಅಂತ" ಎಂದು ನೆನಪು ಮಾಡಿಕೊಟ್ಟ. ಥೂ! ಇವರನ್ನೂ ಅದೇ ತೊಡೆಯ ಮೇಲೆ ಆಡಿಸಿದ್ದರು ಮಾವ.

ಬೆಂಗಳೂರಿನವರಿಗೆ ಫೋನು ಮಾಡಿ, ಹೇಳಿದ ಬೆಲೆಗೇ ಎಲ್ಲವನ್ನೂ ಕೊಟ್ಟುಬಿಟ್ಟರು. ಆ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು, ಒಂದು ಬಟ್ಟೆ ಚೀಲ ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದರು. ರೊದ್ದಂನಲ್ಲಿ ನಾನು ಹತ್ತಿ ಪಕ್ಕ ಕೂತೆ. ಯಾವಾಗ ವಾಪಸು ಬತ್ತೀಯ ಮಾವ ಎಂದರೆ, "ಎಲ್ಲಿಗೆ?" ಎಂದು ಕೇಳಿದರು. ದಾರಿಯುದ್ದಕ್ಕೂ ಕಿಟಕಿಯ ಆಚೆ ಕಿತ್ತ ಕಡಲೆಕಾಯಿ ಗಿಡದ ಒಣ ಬಳ್ಳಿಯ ರಾಶಿ ನೋಡುತ್ತಾ ಕೂತಿದ್ದರು.

ಆ ದುಡ್ಡಿಗೆ ಮನೆ ಬರಲಿಲ್ಲ. ಉಗಾದಿಯ ಮಾರನೆ ದಿನ ಅತ್ತಿಗೆ ಕುಂದುರ್ಪಿ ರಸ್ತೆಯ ಕೊನೆಗೆ ಸಿಮೆಂಟ್ ಶೀಟಿನ ಒಂದು ಕೋಣೆಗೆ ಹೋದಳು. ಅಲ್ಲಿಗೆ ಯಾರೂ ರವಿಕೆ ತರುವುದಿಲ್ಲ. ಮಾವ ತಾವೇ ಬಸ್‌ಸ್ಟ್ಯಾಂಡಿನ ಸುತ್ತಲ ಬಟ್ಟೆ ಅಂಗಡಿಗಳಿಗೆ ಹೋಗಿ ಕೆಲಸ ಕೇಳಿದರು. ಸೀರೆಗೆ ಕುಚ್ಚು ಕಟ್ಟುವ ಕೆಲಸ. ಸೆರಗಿನ ತುದಿಯ ಬಿಡಿ ಎಳೆಗಳನ್ನು ಹೊಸೆದು ಗಂಟು ಹಾಕಿ ಗೊಂಡೆ ಮಾಡುವುದು, ಮನೆಯಲ್ಲಿ ಕೂತ ಹೆಂಗಸರು ಸೀರೆಗಿಷ್ಟು ಅಂತ ಮಾಡುವ ಕೆಲಸ ಅದು. ಒಂದು ಕಾಲಕ್ಕೆ ಇವರ ಕೈಯಿಂದ ಸೀರೆ ತಗೊಂಡು ಹೋಗಿ ಮಾರಿದ ಅಂಗಡಿಯವರೇ ಅವರು. ಗುರುತು ಹಿಡಿದವರು ಎದ್ದು ನಿಂತರಂತೆ. "ಏನ್ ಸಾವ್ಕಾರ್ರೇ ಇದು!" ಅಂದರಂತೆ. ಇವರು, "ಮಗಳ ಬಾಕಿ ಐತೆ ಕಣಪ್ಪ" ಅಂದು ಸೀರೆ ತಗೊಂಡು ಬಂದರು.

ನಾನು ಹೋದಾಗಲೆಲ್ಲ ಬಾಗಿಲ ಬೆಳಕಿಗೆ ಕೂತು ಕುಚ್ಚು ಕಟ್ಟುತ್ತಿರುತ್ತಿದ್ದರು. ಎಳೆ ಬೆರಳಿಗೆ ಸಿಗದೆ ತಡವರಿಸುವರು, ಬಿಚ್ಚಿ ಮತ್ತೆ ಕಟ್ಟುವರು. ಶೀಟಿನ ಕೆಳಗೆ ಬೇಸಿಗೆಯ ಮಧ್ಯಾಹ್ನ ಉಸಿರಾಡಲು ಆಗುತ್ತಿರಲಿಲ್ಲ. ಸಾಕು ಮಾಡು ಮಾವ, ನನ್ನ ಸಂಬಳ ಐತೆ, ನಾನು ಕೊಡ್ತೀನಿ, ನೀನು ಓದ್ಸಿದ್ದಲ್ವಾ ಎಂದೆ. "ನಿಂಗೆ ಕೊಟ್ಟಿದ್ದು ನಿಂಗೆ ದಕ್ಕೈತೆ. ಅಷ್ಟು ಸಾಕು" ಅಂದರು. ಅತ್ತಿಗೆಯ ಕೈಗೆ ನಾನು ತುರುಕಿದ ದುಡ್ಡನ್ನು ಅವಳೂ ವಾಪಸು ನನ್ನ ಬ್ಯಾಗಿಗೆ ಹಾಕಿದಳು. ಅಪ್ಪ ಮಗಳು ಇಬ್ಬರಿಗೂ ಒಂದೇ ಮೂಗು, ಒಂದೇ ಹಟ. ಅವಳು ಅವರ ಮೇಲೆ ರೇಗುತ್ತಿರಲಿಲ್ಲ ಎಂದಲ್ಲ. ಒಂದೊಂದು ದಿನ ಮಿಷನ್ನಿನ ಮುಂದೆ ಕೆಲಸವಿಲ್ಲದೆ ಕೂತು, "ನನ್ನ ತಂದು ಇಲ್ಲಿ ಕೂರ್ಸಿದ್ಯಲ್ಲಪ್ಪ" ಎಂದು ಕಿರುಚುತ್ತಿದ್ದಳು. ಅವರು ಹೌದಮ್ಮ ಎನ್ನುತ್ತಿದ್ದರು. ಆಮೇಲೆ ಅವಳೇ ಅನ್ನ ಕಲಸಿ ಮುಂದಿಡುತ್ತಿದ್ದಳು.

ಬಿಸಿಲು ಏರಿದ ಒಂದು ಮಧ್ಯಾಹ್ನ, ಅರ್ಧ ಕುಚ್ಚು ಕಟ್ಟಿದ ಸೀರೆ ತೊಡೆಯ ಮೇಲಿರುವಾಗಲೇ ಮಾವ ಪಕ್ಕಕ್ಕೆ ವಾಲಿದರು. ಅತ್ತಿಗೆ ನೀರು ತಂದು ಬಾಯಿಗೆ ಹಿಡಿದರೆ ಅದು ಕಟಬಾಯಲ್ಲಿ ಇಳಿದುಹೋಯಿತು. ಆಟೋ ತರುವಷ್ಟೂ ಹೊತ್ತಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಗಂಡುಮಕ್ಕಳು ಹಿಂದೂಪುರದಿಂದ ವ್ಯಾನು ಮಾಡಿಕೊಂಡು ಬಂದಿದ್ದರು. ದೊಡ್ಡವನು ಒಳಗೂ ಬಾರದೆ ಹೊರಗೆ ನಿಂತು, ಹೆಣ ನಮ್ಮ ಮನೆಯಿಂದಲೇ ಏಳಬೇಕು, ಊರಲ್ಲಿ ನಾಲ್ಕು ಜನಕ್ಕೆ ಏನು ಹೇಳೋದು, ಬೇಗ ಎತ್ತಿ ಎನ್ನುತ್ತಿದ್ದ. ಚಿಕ್ಕವನು ಬಂದು ಕಾಲ ಕಡೆ ಕೈ ಹಾಕಿದ.

ಅತ್ತಿಗೆ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು. ಕೂಗಾಡಲಿಲ್ಲ.

"ಅಂಗಡಿ ದೊಡ್ಡಣ್ಣಂಗೆ ಬಂತು. ಮನೆ ನಿಂಗೆ ಬಂತು ಕಣಣ್ಣ. ನಾನು ಕೇಳಿದ್ನಾ? ನನ್ನ ಪಾಲಿಗೆ ಅಪ್ಪ ಬಂದ. ನನ್ನ ಪಾಲಿಗೆ ಕೈ ಹಾಕ್ಬ್ಯಾಡ."

ವ್ಯಾನು ಖಾಲಿ ಹೋಯಿತು. ಮಾವನನ್ನು ಕಲ್ಯಾಣದುರ್ಗದಲ್ಲೇ ಮಣ್ಣು ಮಾಡಿದೆವು.